ಲಿಯಾಂಗಮ್ಮನವರ ಖಾಲಿ ಕುರ್ಚಿಗಳು

ರಾಜಾಜಿನಗರ, ಬೆಂಗಳೂರು
೧೬ ಜುಲೈ ೧೯೭೮

ಭಾನುವಾರದ ಸಭೆಗೆ ಬಂದಿರುವ ಎಲ್ಲರಿಗೂ ನಮಸ್ಕಾರ. ನಮ್ಮ ಗೃಹಶುಶ್ರೂಷೆಯ ತರಗತಿಗೆ ತಮ್ಮ ನಡುಮನೆಯನ್ನೇ ಬಿಟ್ಟುಕೊಟ್ಟಿರುವ ಶಂಭುಲಿಂಗಪ್ಪನವರಿಗೂ, ಹೆಣ್ಣುಮಕ್ಕಳನ್ನು ನಂಬಿ ಕಳುಹಿಸುವ ಹಿರಿಯರಿಗೂ ನಾನು ಋಣಿ. ಇಂದಿನ ಮಾತು ತುಸು ನೇರವಾಗಿದೆ, ಹಿರಿಯರು ಮನ್ನಿಸಬೇಕು.

ಪ್ರೀತಿಯ ಮಕ್ಕಳೇ, ಈ ಕಾಗದವನ್ನು ನನ್ನ ಜೊತೆ ನಿಮಗೆ ಪಾಠ ಹೇಳುವ ವತ್ಸಲಾ ಓದುತ್ತಾಳೆ. ನಾನೇ ಬರಬಹುದಿತ್ತು. ಎದುರು ನಿಂತರೆ ನನ್ನ ಕಣ್ಣು ನಿಮ್ಮಲ್ಲಿ ಯಾರನ್ನೋ ಹುಡುಕೀತೆಂದು ಹೆದರಿ ಬರೆಯುತ್ತಿದ್ದೇನೆ.

ನಾಲ್ಕನೇ ಬ್ಲಾಕಿನ ಬ್ಯೂಟಿ ಪಾರ್ಲರಿನ ಲಿಯಾಂಗಮ್ಮ ನಿಮಗೆಲ್ಲ ಗೊತ್ತು. ಕಲಕತ್ತೆಯ ಚೀನೀ ಮನೆತನದಲ್ಲಿ ಹುಟ್ಟಿ, ಮದುವೆಯಾಗಿ ಇಲ್ಲಿಗೆ ಬಂದು, ಗಂಡ ತೀರಿಕೊಂಡ ಮೇಲೆ ಎರಡು ಕುರ್ಚಿಯ ಆ ಅಂಗಡಿಯಿಂದಲೇ ಬದುಕಿದವರು. ಹಸೆಮಣೆ ಏರುವ ಹುಡುಗಿಯ ಮುಖದ ನವಿರು ಕೂದಲನ್ನು ದಾರದಿಂದ ತೆಗೆಯುವುದು ಅವರ ತಾಯಿಯ ಕಡೆಯ ಪದ್ಧತಿ. ನಮ್ಮ ಬಡಾವಣೆಯ ಎಷ್ಟೋ ಮದುವಣಗಿತ್ತಿಯರ ಮುಖ ಬೆಳಗಿದ್ದು ಆ ಕೈಯಿಂದ.

ಅವರಿಗೆ ಸ್ತನದ ಕ್ಯಾನ್ಸರ್. ಇದನ್ನು ಹೇಳಲು ಅವರೇ ಒಪ್ಪಿಗೆ ಕೊಟ್ಟರು: “ಹೇಳಿ ಟೀಚರಮ್ಮ. ಹೇಳ್ದೇ ಇದ್ರೆ ಜನ ಇನ್ನೂ ಏನೇನೋ ಅಂದ್ಕೋತಾರೆ.”

ಕೆಲವು ಗಡ್ಡೆಗಳ ಜೀವಕೋಶಗಳಲ್ಲಿ ಹೆಣ್ಣಿನ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕಗಳಿರುತ್ತವೆ. ಆ ಹಾರ್ಮೋನೇ ಗಡ್ಡೆಗೆ ಅನ್ನ. ಪರೀಕ್ಷಿಸಿ ನೋಡುವ ಅನುಕೂಲ ಇವರಿಗೆ ಒದಗಲಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಅಂಡಾಶಯ ತೆಗೆದ ಮೇಲೆ ಗಂಟು ಕರಗಿದ್ದನ್ನು ಕಂಡು, ಇವರದು ಆ ಜಾತಿಯದೆಂದು ಡಾಕ್ಟರು ತಿಳಿದರು. ಕಳೆದ ವರ್ಷ ಕೊರಳೆಲುಬಿನ ಮೇಲೆ ಮತ್ತೊಂದು ಗಂಟು ಕಾಣಿಸಿದಾಗ ಗಂಡಿನ ಹಾರ್ಮೋನಿನ ಚುಚ್ಚುಮದ್ದು ಆರಂಭಿಸಿದರು. ಗಂಟು ಕುಗ್ಗಿತು. ಜೊತೆಗೆ ದನಿ ಒಡೆಯಿತು, ಮೇಲ್ದುಟಿಯ ಮೇಲೆ ಕೂದಲು ಬಂತು.

ಮಾರ್ಚಿನಲ್ಲಿ ಕಾಲೇಜಿನ ವಾರ್ಷಿಕೋತ್ಸವಕ್ಕೆಂದು ನೀವು ಕೆಲವರು ಹುಬ್ಬು ತಿದ್ದಿಸಿಕೊಳ್ಳಲು ಹೋಗಿದ್ದಿರಿ. ನಿಮ್ಮಲ್ಲೊಬ್ಬಳು, “ಆಂಟಿ, ನಮ್ ಹುಬ್ಬು ಇರ್ಲಿ, ಮೊದ್ಲು ನಿಮ್ ಮೀಸೆಗೆ ದಾರ ಹಾಕ್ಕೊಳ್ಳಿ!” ಎಂದಳಂತೆ. ಇನ್ನೊಬ್ಬಳು, “ಸುಮ್ನಿರೇ, ದನಿ ಕೇಳಿದ್ರೆ ಪೋಲೀಸಪ್ಪ ಬಂದಂಗಿದೆ, ಹಿಡ್ಕೊಂಡ್ ಹೋಗ್ತಾರೆ” ಎಂದಳಂತೆ. ಲಿಯಾಂಗಮ್ಮ ಸೋಲಲಿಲ್ಲ: “ನಿನ್ ಮದುವೆಗೆ ಇದೇ ಮೀಸೆ ತಿರುವ್ಕೊಂಡು ಬರ್ತೀನಿ ಕಣೇ, ನಿನ್ ಗಂಡ ಓಡೋಗ್ಲಿ!” ಎಲ್ಲರೂ ನಕ್ಕಿರಿ, ಅವರೂ ನಕ್ಕರು.

ಮರುವಾರದಿಂದ ಅವರು ಚುಚ್ಚುಮದ್ದಿಗೆ ಹೋಗಲಿಲ್ಲ.

ನನಗೆ ತಿಳಿದದ್ದು ಈಚೆಗೆ. ಏಕೆಂದು ಕೇಳಿದಾಗ ಅವರೆಂದರು: “ಗಂಟು ರವಿಕೆ ಒಳಗಿರತ್ತೆ. ಮೀಸೆ ಮುಖದ್ ಮೇಲಿರತ್ತೆ. ಹೆಂಗಸ್ರ ಮುಖ ತಿದ್ದೋಳಿಗೆ ಯಾವ್ದು ದೊಡ್ಡದು, ನೀವೇ ಹೇಳಿ.” ಅಷ್ಟರಲ್ಲಿ ಗಿರಾಕಿಗಳು ಕಡಿಮೆಯಾಗಿದ್ದರು. ಚುಚ್ಚುಮದ್ದು ಬಿಟ್ಟರೂ ಒಡೆದ ದನಿ ಹಿಂದಿರುಗಲಿಲ್ಲ, ಬಿಟ್ಟುಹೋದವರೂ ಹಿಂದಿರುಗಲಿಲ್ಲ.

ನಿನ್ನೆ ಬೆನ್ನುನೋವೆಂದರು. ಬಲವಂತದಿಂದ ಡಾಕ್ಟರ ಬಳಿ ಕರೆದೊಯ್ದೆ. ಈಗ ಇಂಗ್ಲೆಂಡಿನಿಂದ ಟ್ಯಾಮಾಕ್ಸಿಫೆನ್ ಎಂಬ ಮಾತ್ರೆ ಬಂದಿದೆ. ಅದು ಆ ಗ್ರಾಹಕಗಳಲ್ಲಿ ತಾನೇ ಮೊದಲು ಹೋಗಿ ಕುಳಿತುಬಿಡುತ್ತದೆ; ಹಾರ್ಮೋನಿಗೆ ಜಾಗವೇ ಸಿಗದು. ಮೀಸೆ ಬರಿಸುವುದಿಲ್ಲ. ಅದರ ಅನುಭವವೆಲ್ಲ ಬಿಳಿಯ ಹೆಂಗಸರದು, ಚೀನೀ ಹೆಂಗಸರಿಗೆ ಹೇಗೆ ಹಿಡಿಯುತ್ತದೆಂದು ತಾವು ಎಲ್ಲಿಯೂ ಓದಿಲ್ಲವೆಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಆದರೂ ಕೊಡಲು ಸಿದ್ಧರಿದ್ದಾರೆ. ಲಿಯಾಂಗಮ್ಮ ಮಾತ್ರ ಬೇಡವೆಂದು ಎದ್ದುಬಂದರು. “ಯಾರಿಗೋಸ್ಕರ ನುಂಗ್ಲಿ? ಕುರ್ಚಿ ಖಾಲಿ ಬಿದ್ದಿದೆ” ಎಂದರು.

ಮಕ್ಕಳೇ, ನಿಮ್ಮನ್ನು ನಿಂದಿಸಲು ಇದನ್ನು ಬರೆಯಲಿಲ್ಲ. ನಿಮ್ಮ ನಗುವಿನಲ್ಲಿ ಕೆಡುಕಿರಲಿಲ್ಲ. ನಗೆ ಹಾರಿಹೋದ ಮೇಲೆ ಒಬ್ಬ ಹೆಂಗಸು ಕನ್ನಡಿಯ ಮುಂದೆ ಒಂಟಿಯಾಗಿ ನಿಲ್ಲುತ್ತಾಳೆ ಎಂಬುದು ಯಾರಿಗೂ ಹೊಳೆಯಲಿಲ್ಲ, ಅಷ್ಟೇ. ಹಾಗೆ ಅಂದವರು ಯಾರೆಂದು ನಾನು ಕೇಳಿದೆ. “ಎಲ್ಲಾ ನನ್ ಹುಡುಗೀರೇ” ಎಂದು ಬಾಯಿ ಮುಚ್ಚಿಸಿದರು.

ನೀವು ಜ್ವರ ನೋಡಲು, ಗಾಯ ಕಟ್ಟಲು ಕಲಿತಿದ್ದೀರಿ. ಇದೂ ಶುಶ್ರೂಷೆಯೇ. ಅವರ ಬಳಿ ಹೋಗಿ. ಕ್ಷಮೆಯ ಭಾಷಣ ಬೇಡ. ಜಡೆ ಬಿಚ್ಚಿ ಕೂತುಬಿಡಿ. ತಾಯಂದಿರನ್ನೂ ಕರೆದುಕೊಂಡು ಹೋಗಿ. ಮಾತ್ರೆ ಒಪ್ಪಿಸುವುದು ನನ್ನಿಂದಾಗಲಿಲ್ಲ. ನಿಮ್ಮಿಂದಾದೀತೆಂದು ನನಗೆ ದೃಢವಾದ ನಂಬಿಕೆಯಿದೆ.

ನಿಮ್ಮ ಶ್ರೇಯಸ್ಸನ್ನೇ ಬಯಸುವ,
ಅನಂತಲಕ್ಷ್ಮಿ

ತಾ.ಕ.: ವತ್ಸಲಾ, ಇಲ್ಲಿಂದ ಕೆಳಗಿನದನ್ನು ಗಟ್ಟಿಯಾಗಿ ಓದಬೇಡ. ನಿನ್ನೆಯ ಎಕ್ಸ್-ರೇಯಲ್ಲಿ ಕಾಯಿಲೆ ಬೆನ್ನುಮೂಳೆಗೆ ಇಳಿದಿರುವುದು ಕಂಡಿದೆ. ಚುಚ್ಚುಮದ್ದು ನಿಲ್ಲಿಸಿದ್ದರಿಂದ ಹೀಗಾಯಿತೋ, ಹೇಗಿದ್ದರೂ ಆಗುತ್ತಿತ್ತೋ, ಡಾಕ್ಟರೂ ಹೇಳಲಾರರು. ಮಾತ್ರೆ ಹಿಡಿದರೆ ನೋವು ತಗ್ಗಿ ಒಂದೆರಡು ವರ್ಷ ಸಿಕ್ಕೀತಂತೆ. ಮಕ್ಕಳಿಗೆ ಈ ಸಂದೇಹವನ್ನು ಕೊಡಬೇಡ. ಅವರ ವಯಸ್ಸಿಗೆ ಅದು ದೊಡ್ಡ ಹೊರೆ. ನಿನಗೆ ಕೊಟ್ಟದ್ದಕ್ಕೆ ಕ್ಷಮಿಸು, ಒಬ್ಬಳೇ ಹೊರಲಾರದೆ ಕೊಟ್ಟೆ. ನಾಳೆಗೆ ಇಡಬೇಡ. ಈ ಪುಟ ಹರಿದುಹಾಕಿ, ಮಕ್ಕಳನ್ನು ಇವತ್ತು ಸಂಜೆಯೇ ಅವರ ಅಂಗಡಿಗೆ ಹೊರಡಿಸು.