ತಂಗಿ ತಂದ ಸುದ್ದಿ

ಅಂಗಡಿಯ ಹಿಂದಿನ ಕೋಣೆ
ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಈ ಸಲ ವಾಡಿಕೆಗೆ ಕೇಳುತ್ತಿಲ್ಲ. ನಿನ್ನ ಮನೆಯಲ್ಲಿ ವಾರವಿದ್ದು ಬಂದ ತಂಗಿ, ನಿನ್ನ ಎದೆಯಲ್ಲಿ ಗಂಟಾಗಿದೆ, ಡಾಕ್ಟರಿಗೆ ತೋರಿಸದೆ ಮುಚ್ಚಿಟ್ಟಿದ್ದೀಯ ಎನ್ನುತ್ತಾಳೆ. ಹೇಳಿದವಳು ಅವಳಾದ್ದರಿಂದ ನಂಬಬೇಕೋ ಬಿಡಬೇಕೋ ತಿಳಿಯದೆ ಕೂತಿದ್ದೇನೆ.

ಅವಳ ಸಂಗತಿ ನಿನಗೆ ಹೊಸದೇ? ಅವಳ ಬಾಯಲ್ಲಿ ನೆಗಡಿ ಬಂದವರೆಲ್ಲ ಸಾಯುವವರು, ಒಮ್ಮೆ ಮಾತಾಡಿಸಿದವರೆಲ್ಲ ಜನ್ಮದ ಗೆಳತಿಯರು. ಸೋಫಾ ಹೊಲಿಸಲು ಬಂದ ಗಿರಾಕಿ ನನ್ನ ಜತೆ ಎರಡು ಮಾತು ಹೆಚ್ಚಾಡಿದರೆ ಸಾಕು, ಇವಳಿಗೆ ತಲೆಸುತ್ತು. ಬೀಳುವುದೂ ಆಗಷ್ಟೇ ಹತ್ತಿ ತುಂಬಿದ ಸೋಫಾದ ಮೇಲೆ. "ಒಂದ್ಸಲ ನೆಲದ ಮೇಲೆ ಬೀಳ್ಲಿ, ಆಗ ನಂಬ್ತೀನಿ" ಎಂದು ನನ್ನವಳು ಸೋಫಾಕ್ಕೆ ಹೊಡೆಯುವ ಮೊಳೆ ತುಟಿಯಲ್ಲಿ ಕಚ್ಚಿಕೊಂಡೇ ಗೊಣಗುತ್ತಾಳೆ.

ಅವಳನ್ನು ತೋರಿಸಿದ ಮನೋವೈದ್ಯೆ ಮಾತ್ರ ನಾಟಕ ಎಂಬ ಮಾತನ್ನೇ ಒಪ್ಪಲಿಲ್ಲ. "ಇದು ವ್ಯಕ್ತಿತ್ವದ ಒಂದು ತೊಂದರೆ. ಯಾರೂ ನೋಡ್ದೇ ಇದ್ರೆ ತಾನೇ ಇಲ್ಲ ಅನ್ಸುತ್ತೆ ಅವ್ರಿಗೆ. ಕಣ್ಣೀರು ಸುಳ್ಳಲ್ಲ, ಅಳತೆ ಮೀರಿದ್ದು ಅಷ್ಟೆ. ಬಿದ್ದಾಗ ಎತ್ತೋಕೆ ಓಡ್ಬೇಡಿ, ಸುಮ್ನೆ ಕೂತಾಗ ಹೋಗಿ ಮಾತಾಡ್ಸಿ" ಎಂದರು. ಹಾಗೇ ಮಾಡುತ್ತಿದ್ದೇವೆ. ಬೀಳುವುದು ಕಡಿಮೆಯಾಗಿದೆ, ನನ್ನ ಅನುಮಾನ ಕಡಿಮೆಯಾಗಿಲ್ಲ. ಅವಳು ನಕ್ಕರೂ ಯಾರಿಗಾಗಿ ನಕ್ಕಳೆಂದು ತಿರುಗಿ ನೋಡುತ್ತೇನೆ.

ಈಗ ನಿನ್ನ ಮೇಲೂ ಅನುಮಾನ. ಫೋನಿನಲ್ಲಿ ಕೇಳಿದರೆ ನೀನು, "ಅವಳ ಮಾತು ಕಟ್ಕೊಂಡು ಕೂತ್ಯಾ, ನಿಂಗೇನು ಬುದ್ಧಿ ಇಲ್ವಾ" ಎಂದು ನಕ್ಕುಬಿಟ್ಟೆ. ಫೋನಿಟ್ಟ ಮೇಲೆ ಹೊಳೆಯಿತು, ಗಂಟಿಲ್ಲ ಎಂದು ನೀನು ಹೇಳಲೇ ಇಲ್ಲ. ಅವಳ ಮಾತನ್ನು ಯಾರೂ ನಂಬುವುದಿಲ್ಲವೆಂದೇ ಗಂಟನ್ನು ಅವಳೊಬ್ಬಳಿಗೆ ತೋರಿಸಿದೆಯಾ? ಗಟ್ಟಿಗಿತ್ತಿ ನೀನು, ಅಷ್ಟು ಲೆಕ್ಕಾಚಾರ ನಿನ್ನಿಂದಾಗದ್ದಲ್ಲ.

ಭಾವನಿಗೆ ನನ್ನ ನಮಸ್ಕಾರ ಮುಟ್ಟಿಸು, ಮಕ್ಕಳ ತಲೆ ಸವರು.

ನಿನ್ನ ತಮ್ಮ

ಇನ್ನೊಂದು ಮಾತು: ತಂಗಿ ಇದನ್ನು ಗಿರಾಕಿಗಳ ಎದುರು ಹೇಳಲಿಲ್ಲ. ಎಲ್ಲರೂ ಹೋದ ಮೇಲೆ ಹತ್ತಿ ಬಿಡಿಸುತ್ತಾ, ತಲೆಯೆತ್ತದೆ, ಸಣ್ಣ ದನಿಯಲ್ಲಿ ಹೇಳಿದಳು. ಒಂದು ಹನಿ ಕಣ್ಣೀರಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. ಶುಕ್ರವಾರ ನಾನೂ ಅವಳೂ ಬರುತ್ತೇವೆ, ಬಂದ ಕೂಡಲೇ ನಿನ್ನನ್ನು ಆಸ್ಪತ್ರೆಗೆ ಕರೆದೊಯ್ಯುವುದು. ಬರಲಾರೆ ಎಂದು ನೀನು ಹಟ ಹಿಡಿದರೆ, ಬೀದಿಯೆಲ್ಲ ಸೇರುವಂತೆ ಅಳು ಎಂದು ಅವಳಿಗೆ ನಾನೇ ಹೇಳಿಟ್ಟಿದ್ದೇನೆ.