ಎಲೆ ಉದುರಿಸಿದ ಓಕ್

ಆಗಸ್ಟ್ ೧೯, ಮಂಗಳವಾರ. ಸ್ಯಾಕ್ರಮೆಂಟೊ.

ನನ್ನ ಸಂಶೋಧನೆಯ ಓಕ್ ಮರವನ್ನೇ ಇಂದು ಕಡಿಯಲು ಬಂದಿದ್ದರು. ಎಲೆಯೆಲ್ಲ ಉದುರಿದೆ, ಮರ ಸತ್ತಿದೆ ಎಂದು ಎದುರುಮನೆಯ ಡೆಲ್ಫೀನಾ ನಗರಸಭೆಗೆ ಫೋನ್ ಮಾಡಿದ್ದಳಂತೆ. ಗರಗಸ ಹಿಡಿದಿದ್ದ ನಗರಸಭೆಯ ಕೆಲಸಗಾರ ರೂಬೆನ್‌ಗೆ ಅಡ್ಡ ನಿಂತೆ.

"ಸತ್ತಿಲ್ಲ ಕಣಯ್ಯಾ, ಈ ಬಿರುಬೇಸಿಗೇಲಿ ನೀರು ಉಳಿಸೋಕೆ ಎಲೆ ಉದುರಿಸಿದೆ!" ಉಗುರಿನಿಂದ ತೊಗಟೆ ಕೆರೆದು ಒಳಗಿನ ಹಸಿರು ತೋರಿಸಿದೆ.

"ನಿಮ್ಮ ಪಿಎಚ್‌ಡಿ ಮುಗಿಯೋವರೆಗೂ ಇದು ಸಾಯಲ್ಲ ಬಿಡಿ, ಮೇಡಂ," ಎಂದು ಅವನು ನಕ್ಕ.

ಹೊರಗೆ ಬಂದು ನಿಂತಿದ್ದ ಡೆಲ್ಫೀನಾ ನಗಲಿಲ್ಲ. "ಒಣಕೊಂಬೆ ನನ್ನ ಮೊಮ್ಮಗಳ ತಲೆ ಮೇಲೆ ಬಿದ್ರೆ ನಿನ್ನ ಹಸಿರು ಅದನ್ನ ಹಿಡ್ಕೊಳ್ಳುತ್ತಾ, ತಾಯಿ?"

ಅದೂ ನಿಜ. ಕೆರೆದಾಗ ಕಂದು ಕಂಡ ಕೊಂಬೆಗಳನ್ನು ನಾನೇ ತೋರಿಸಿ ಕಡಿಸಿದೆ. ಅಳತೆಗೆಂದು ಗುರುತು ಕಟ್ಟಿದ್ದ ಕೊಂಬೆಯೂ ಹೋಯಿತು. ಮರ ಉಳಿಯಿತು.

ಅದು ಚಿಗುರುತ್ತದೆಂದು ನನಗೆ ಗೊತ್ತು. ಡೆಲ್ಫೀನಾಗೆ ಗೊತ್ತಾಗಲು ಮಾರ್ಚ್ ಬರಬೇಕು. ಅಲ್ಲಿಯವರೆಗೆ ಮೊಮ್ಮಗಳನ್ನು ರಸ್ತೆಯ ಆಚೆ ಬದಿಯಲ್ಲೇ ನಡೆಸಲಿ, ತಪ್ಪೇನಿಲ್ಲ.