ಊರು ಕೇಳದೆ ಕೊಟ್ಟ ಕೋಣೆ

12-2-79, ಸೋಮವಾರ, ಹುಣ್ಣಿಮೆ

ಯಡಿಯೂರಿಗೆ ಇವತ್ತು ಬಸ್ಸಿಗೆ ಬಸ್ಸೇ ಜನ. ಬೆಳಗಾಗುವ ಮೊದಲೇ ಮುಂದಿನ ಕೋಣೆಗೆ ತುಮಕೂರಿನ ಒಂದು ಫ್ಯಾಮಿಲಿ. ಅವರು ಎದ್ದು ಹೋಗುವಷ್ಟರಲ್ಲಿ ಗುಬ್ಬಿಯವರು. ಗುಡಿಸಿ ಗುಡಿಸಿ ಸೊಂಟ ಬಿದ್ದುಹೋಯಿತು. ಆದರೂ ಸುಳ್ಳು ಯಾಕೆ, ಖುಷಿ. ಯಜಮಾನರು ತೀರಿಕೊಂಡ ಮೇಲೆ ಈ ಮನೆಯಲ್ಲಿ ಮನುಷ್ಯರ ಮಾತು ಕೇಳುವುದೇ ಇಂಥ ದಿನ. ಒಲೆ ಉರಿಯುವುದೂ ಆ ಬಾಡಿಗೆಯಿಂದಲೇ.

ಸಂಜೆ ಪಕ್ಕದ ಮನೆ ಮಹಾದೇವಯ್ಯನವರ ಮಾಮೂಲಿ ಪುರಾಣ.

"ಸರ್ವಮಂಗಳಮ್ನೋರೇ, ಬಾವಿ ತಳ ಕಂಡದೆ. ನಿಮ್ಮ ಗಿರಾಕಿಗಳು ನಮ್ ಜಗಲಿ ಮೇಲೆ ಕೂತ್ಕಂಡು ಬೀಡಿ ಸೇದ್ತವ್ರೆ. ಇದೇನು ಸಂಸಾರಸ್ಥರ ಬೀದಿನೋ, ಲಾಡ್ಜೋ? ಹೋಗ್ಲಿ, ಬಂದೋರ ಹೆಸ್ರು, ಊರಾದ್ರೂ ಕೇಳ್ಕಳಿ."

"ಸಿದ್ಧಲಿಂಗಪ್ಪನ ಹತ್ರ ಬಂದೋರನ್ನ ಯಾವೂರು, ಯಾವ ಜನ ಅಂತ ಕೇಳೋ ಮನೆ ಅಲ್ಲ ಇದು" ಅಂದೆ. ಯಜಮಾನರು ಹಾಗೆಯೇ ನಡೆಸಿಕೊಂಡು ಬಂದದ್ದು. ಮಹಾದೇವಯ್ಯನವರು ಮೂತಿ ತಿರುವಿಕೊಂಡು ಹೋದರು. ನೀರಿನ ವಿಷಯದಲ್ಲಿ ಅವರು ಹೇಳುವುದು ನಿಜ. ಒಪ್ಪಿಕೊಳ್ಳಲಿಲ್ಲ.

14-2-79

ಒಬ್ಬಳೇ ಒಬ್ಬಳು ಮುದುಕಿ. ಕೈಯಲ್ಲಿ ಬಟ್ಟೆ ಗಂಟು, ಹಣೆ ತುಂಬ ವಿಭೂತಿ. "ಎಲ್ಡು ದಿನ ಇರ್ತೀನಿ ಕಣವ್ವ" ಅಂದಳು. ಕೋಣೆ ಕೊಟ್ಟೆ. ಮಧ್ಯಾಹ್ನ ಯಾರೂ ಹೇಳದೆಯೇ ಬಂದು ನನ್ನ ಮೊರ ಎಳೆದುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸಿದಳು. ನಂಗೆ ಮಕ್ಕಳಿಲ್ಲ ಅಂದೆ. "ನಂಗೆ ಒಬ್ಬ ಅವ್ನೆ ಬುಡು. ಮಾತಾಡ್ಸದೆ ಬಂದಿವ್ನಿ" ಅಂದಳು. ಜಗಳ ಅಂತ ಕಾಣುತ್ತೆ. ಕೆದಕಲಿಲ್ಲ.

16-2-79

ಎರಡು ದಿನ ಮುಗಿಯಿತು. ಹೊರಡುವ ಲಕ್ಷಣ ಇಲ್ಲ... ನನಗೂ ಬೇಕಾಗಿಲ್ಲ. ಜೊತೆಯಲ್ಲೇ ಉಂಡೆವು. ಸ್ವಲ್ಪ ಎದೆ ಹಿಡಿದ ಹಾಗಿದೆ ಅಂದಳು. ಓಮದ ಕಷಾಯ ಕೊಟ್ಟೆ. ಕುಡಿದು ಮಾತಿಗೆ ಕೂತಳು.

"ನಮ್ಮನೆಯೋರು ಹೊಲದ ಬದೀಲಿ ಮಲಗವ್ರೆ, ಹುಣ್ಸೆ ಮರದ ಬುಡದಾಗೆ. ಮಗ್ಗುಲಲ್ಲಿ ನಂಗೂ ಜಾಗ ಬುಟ್ಟವ್ನೆ ನನ್ ಮಗ. ಉಳುವಾಗ ಅಲ್ಲಿಗ್ ಬಂದ್ರೆ ನೇಗ್ಲು ತಿರುಗ್ಸ್ಕಂಡು ಹೋಯ್ತಾನೆ. ಬಾಯಿ ಒರಟು, ಒಳಗೆ ಹಂಗಲ್ಲ. ನಾಳಿಕ್ಕೆ ಹೋಯ್ತೀನಿ."

ಯಾವೂರ ಹೊಲ ಅಂತ ನಾಲಗೆ ತುದಿಗೆ ಬಂತು. ನುಂಗಿಕೊಂಡೆ. ಮೊನ್ನೆ ತಾನೆ ಅಷ್ಟು ಜಂಬ ಕೊಚ್ಚಿದವಳು.

17-2-79, ಬೆಳಿಗ್ಗೆ

ಕಾಫಿ ತೆಗೆದುಕೊಂಡು ಹೋದೆ. ಏಳಲಿಲ್ಲ. ಮುಟ್ಟಿದೆ. ತಣ್ಣಗಿದ್ದಳು.

18-2-79

ನಿನ್ನೆಯೆಲ್ಲ ವಿಚಾರಿಸಿದ್ದೇ ವಿಚಾರಿಸಿದ್ದು. ದೇವಸ್ಥಾನ, ಬಸ್ ಸ್ಟ್ಯಾಂಡ್, ಹೋಟೆಲ್ಲು. ಯಾರಿಗೂ ಗುರುತಿಲ್ಲ. ಪೇದೆ ಬಂದು ನೋಡಿದ. "ಯಾವೂರಮ್ಮ?" ಗೊತ್ತಿಲ್ಲ. "ಹೆಸ್ರು?" ಗೊತ್ತಿಲ್ಲ. "ಮನೇಲಿಟ್ಕಂಡು ಗೊತ್ತಿಲ್ಲ ಅಂತೀರಲ್ರೀ!" ಗಂಟು ಬಿಚ್ಚಿ ತೋರಿಸಿದೆ. ಗಂಟಿನಲ್ಲಿ ಒಂದು ಹಸಿರು ಸೀರೆ, ಎಲೆ ಅಡಿಕೆ. ಅಷ್ಟೇ.

ಹುಣಸೆ ಮರದ ಮಾತು ಮಹಾದೇವಯ್ಯನವರಿಗೆ ಹೇಳಿದೆ. "ಹುಣ್ಸೆ ಮರ ಇಲ್ದಿರೋ ಊರು ಯಾವ್ದಿದೆ ಹೇಳಿ" ಅಂದರು. ನಾನು ಹೇಳಿರಲಿಲ್ಲವೇ ಅಂತ ಒಂದು ಮಾತು ಆಡಲಿಲ್ಲ. "ವಿಭೂತಿ ಇಟ್ಕಂಡು ಸತ್ತೋಳು ಅನಾಥೆ ಆಗ್ಬಾರ್ದು. ನಮ್ಮೋರಂಗೇ ಮಾಡೋಣ." ಕೊರಳಲ್ಲಿ ಲಿಂಗ ಇರಲಿಲ್ಲ. ತಮ್ಮ ಮನೆಯಿಂದ ತಂದು ಕೈಯಾರೆ ಕಟ್ಟಿದರು. ನಮ್ಮ ರುದ್ರಭೂಮಿಯಲ್ಲಿ, ನಮ್ಮ ಪದ್ಧತಿಯಂತೆ, ಕೂರಿಸಿ ಮಣ್ಣು ಮಾಡಿದೆವು. ಬೀದಿಗೆ ಬೀದಿಯೇ ಬಂದಿತ್ತು. ಬಾಡಿಗೆಗೆ ಬಂದವಳಿಗೆ.

26-2-79

ಇಷ್ಟು ದಿನ ಬರೆಯಲು ಕೈ ಬರಲಿಲ್ಲ. ಶಿವರಾತ್ರಿಗೂ ಕೋಣೆ ತೆಗೆಯಲಿಲ್ಲ.

ಇವತ್ತು ಮಗ ಬಂದ. ದ್ಯಾವಪ್ಪ ಅಂತ. ಅವ್ವ ಚಿಕ್ಕಮ್ಮನ ಮನೆಯಲ್ಲಿದ್ದಾಳೆ ಅಂದುಕೊಂಡು ಸುಮ್ಮನಿದ್ದನಂತೆ. ಅಲ್ಲಿಲ್ಲ ಅಂತ ತಿಳಿದು ಹುಡುಕುತ್ತ ಬಂದಿದ್ದಾನೆ. ಹಸಿರು ಸೀರೆ ತೋರಿಸಿದೆ. ಕೈಯಲ್ಲಿ ಹಿಡಿದುಕೊಂಡು ಹೊಸಿಲ ಮೇಲೇ ಕುಸಿದ.

ಊರು ಹುತ್ರಿದುರ್ಗ.

ಹುತ್ರಿದುರ್ಗ! ಇದೇ ತಾಲ್ಲೂಕು. ಕುಣಿಗಲ್ಲಿನಲ್ಲಿ ಬಸ್ಸು ಬದಲಾಯಿಸಿದರೆ ಆಯಿತು. ಬೆಳಿಗ್ಗೆ ಆಳು ಕಳಿಸಿದ್ದರೆ ಸಂಜೆಯೊಳಗೆ ಹೆತ್ತ ಮಗ ಮುಖ ನೋಡುತ್ತಿದ್ದ. ಒಂದು ಮಾತು ಕೇಳಿದ್ದರೆ! ನನ್ನ ಹಟಕ್ಕೆ ಇಷ್ಟು ಬೆಂಕಿ ಬೀಳ. ಬಂದವರ ಕುಲ ಕೇಳಬಾರದು, ಸರಿ. ಊರು ಕೇಳಿದರೆ ಏನಾಗುತ್ತಿತ್ತು?

ಅವನು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಕಡೇ ದಿನ ಉಂಡ್ಲಾ ತಾಯಿ?" ಅಂತ ಕೇಳಿದ. ಉಂಡಳಪ್ಪ ಅಂದೆ. ಆಮೇಲೆ, "ಅವ್ವನ್ನ ತಗಂಡ್ ಹೋಯ್ತೀನಿ. ಅಪ್ಪನ್ ಪಕ್ಕ ಮಲಗುಸ್ಬೇಕು. ದೊಡ್ಡೋರನ್ನ ನೀವೇ ಒಂದ್ ಮಾತು ಕೇಳಿ, ತಾಯಿ." ಆಗಲಿ ಅಂದುಬಿಟ್ಟೆ. ಅದೇ ಕೋಣೆಯಲ್ಲಿ ಮಲಗಿದ್ದಾನೆ.

27-2-79, ಬೆಳಿಗ್ಗೆ

ಮಹಾದೇವಯ್ಯನವರ ಮನೆಗೆ ಹೋಗಿ ಬಂದೆ. ಹಿರಿಯರೆಲ್ಲ ಸೇರಿದ್ದರು. ಕಾಲು ಹಿಡಿಯುವುದೊಂದು ಬಾಕಿ.

"ಲಿಂಗ ಕಟ್ಟಿ ಕೂರ್ಸಿದ್ದೀವಿ. ಸಮಾಧಿ ಬಗೆಯಂಗಿಲ್ಲ ಕಣಮ್ಮ" ಅಂದರು. ಆಮೇಲೆ ಮಹಾದೇವಯ್ಯನವರು ಬಾಗಿಲ ತನಕ ಬಂದು, ಮೆಲ್ಲಗೆ, "ಈ ಕೈಲಿ ನಾನೇ ಕಟ್ಟಿದ್ದು. ಅದನ್ನ ನಾನ್ ಹೆಂಗ್ ಬಿಚ್ಲಿ, ನೀವೇ ಹೇಳಿ." ಕಣ್ಣು ತುಂಬಿಕೊಂಡಿತ್ತು. ಅವರನ್ನು ಬೈಯುವ ಯೋಗ್ಯತೆ ನನಗೆಲ್ಲಿದೆ?

ಹಿಂದಿನ ಬಾಗಿಲಿಂದ ಒಳಗೆ ಬಂದಿದ್ದೇನೆ. ಮನೆ ಮುಂದೆ ದ್ಯಾವಪ್ಪನ ಭಾವ ಗಾಡಿ ತಂದು ನಿಲ್ಲಿಸಿದ್ದಾನೆ, ನಿನ್ನೆಯೇ ಹೇಳಿಕಳಿಸಿದ್ದನಂತೆ. ಕಿಟಕಿಯಿಂದ ಕಾಣುತ್ತಿದೆ. ದ್ಯಾವಪ್ಪ ಗಾಡಿಯ ಮೇಲೆ ಹುಲ್ಲು ಹಾಸುತ್ತಿದ್ದಾನೆ, ಅವ್ವನಿಗೆ ಕುಲುಕಬಾರದು ಅಂತ. ಹಾಸಿ, ಕೈಯಿಂದ ಒತ್ತಿ ನೋಡಿ, ಇನ್ನೊಂದು ಹೊರೆ ಹಾಕುತ್ತಿದ್ದಾನೆ.

"ತಾಯೀ, ಬಂದ್ರಾ? ಏನಂದ್ರು?"

ಕರೆಯುತ್ತಿದ್ದಾನೆ. ಹೋಗಬೇಕು. ಹೋಗಿ ಏನಂತ—